ಪುತ್ತರಿಯಿಂದ ಪುತ್ತರಿಗೆ: ತೂಕ ಇಳಿಸುವ ದಾರಿಯನ್ನು ಆಯ್ದುಕೊಳ್ಳುವ ಬಗೆ

ಕೊಡಗಿನ ಅಡುಗೆಮನೆಯಲ್ಲಿ ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಅಡುಗೆಗೆ, ಕೊನೆಯ ಹದ ಕೊಡುವ ಕಾಚಂಪುಳಿ ಯಾವ ಹಣ್ಣಿನಿಂದ ತಯಾರಾಗುತ್ತದೆಯೋ, ಅದೇ ಹಣ್ಣಿನ ಸಾರ ಬೇರೊಂದು ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಮಾರಾಟವಾಗುತ್ತಿದೆ. ಹಣ್ಣಿನ ರಸವನ್ನು ಇಳಿಸಿ, ಅದು ಕಪ್ಪಾಗಿ ಗಟ್ಟಿಯಾಗುವವರೆಗೆ ಕಾಯಿಸಿದರೆ ಕಾಚಂಪುಳಿ. ಮಲೆನಾಡಿನ ಇತರ ಕಡೆ ಉಪ್ಪಾಗೆ ಎಂದು ಕರೆಯುವ ಈ ಮರದ ಸಸ್ಯಶಾಸ್ತ್ರೀಯ ಹೆಸರು ಗಾರ್ಸಿನಿಯಾ ಗುಮ್ಮಿಗಟ್ಟ. ಮಾತ್ರೆಯ ಡಬ್ಬಿಯ ಮೇಲೆ ಅಚ್ಚಾಗಿರುವುದು ಅದರ ಹಳೆಯ ಹೆಸರಾದ ಗಾರ್ಸಿನಿಯಾ ಕಂಬೋಜಿಯಾ. ಈ ಸಾರವನ್ನು 1998ರಲ್ಲಿಯೇ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿ ನೋಡಲಾಗಿತ್ತು. ಎಲ್ಲರಿಗೂ ಮಿತವಾದ ಆಹಾರ ಕ್ರಮವನ್ನೇ ಹೇಳಿ, ಒಂದು ಗುಂಪಿಗೆ ಹಣ್ಣಿನ ಸಾರದ ಮಾತ್ರೆ, ಇನ್ನೊಂದಕ್ಕೆ ಏನೂ ಇಲ್ಲದ ಹುಸಿ ಮಾತ್ರೆ ಕೊಡಲಾಯಿತು. ಸಾರ ನುಂಗಿದವರು ಸರಾಸರಿ 3.2 ಕಿಲೋ ಇಳಿದರೆ, ಹುಸಿ ಮಾತ್ರೆಯವರು 4.1 ಕಿಲೋ ಇಳಿದರು. ಆ ವ್ಯತ್ಯಾಸವೂ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಾಗಿರಲಿಲ್ಲ. ಅಂದರೆ ಕೆಲಸ ಮಾಡಿದ್ದು ಊಟದಲ್ಲಿನ ಬದಲಾವಣೆಯೇ ಹೊರತು ಮಾತ್ರೆಯಲ್ಲ. ಈ ಸಾರವಿರುವ ಪೂರಕಗಳನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಆನಂತರ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಕರಿಗೆ ಹಾಕುವ ಒಂದೆರಡು ಚಮಚ ಕಾಚಂಪುಳಿಗೂ ಆ ಸಾಂದ್ರ ಮಾತ್ರೆಗೂ ಸಂಬಂಧ ಕಲ್ಪಿಸಿ ಯಾರೂ ಹೆದರಬೇಕಾಗಿಲ್ಲ.

ಈ ಹಣ್ಣಿನ ಪ್ರಸಂಗವನ್ನು ಮೊದಲಿಗೆ ಎತ್ತಿಕೊಳ್ಳಲು ಕಾರಣವಿದೆ. ಮಡಿಕೇರಿಯಲ್ಲಾಗಲಿ, ಗೋಣಿಕೊಪ್ಪದಲ್ಲಾಗಲಿ, ಕುಶಾಲನಗರದಲ್ಲಾಗಲಿ ತೂಕದ ಮಾತು ಬಂದಾಗ ಜನ ಕೇಳುವ ಮೊದಲ ಪ್ರಶ್ನೆ 'ಯಾವುದು?' ಎಂಬುದಾಗಿರುತ್ತದೆ. ಯಾವ ಪುಡಿ, ಯಾವ ಡಯಟ್, ಈಗೀಗ ಯಾವ ಇಂಜೆಕ್ಷನ್. ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಹಲವರು ವರ್ಷಗಳನ್ನೂ ಹಣವನ್ನೂ ಕಳೆದಿದ್ದಾರೆ. ಒಂದು ಕ್ರಮವನ್ನು ಆಯ್ದುಕೊಳ್ಳುವಾಗ ಕೇಳಬೇಕಾದದ್ದು ಬೇರೆ: ಇದು ಈ ಜಿಲ್ಲೆಯ ಒಂದು ಇಡೀ ವರ್ಷವನ್ನು ದಾಟೀತೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್, ಸುಗ್ಗಿಯ ಹಬ್ಬವಾದ ಪುತ್ತರಿ, ಕಾಫಿ ಕುಯ್ಲಿನ ಓಡಾಟ, ಏಪ್ರಿಲ್-ಮೇ ತಿಂಗಳ ಮದುವೆಗಳು, ಇವೆಲ್ಲದರ ನಡುವೆಯೂ ಮುರಿಯದೆ ಉಳಿಯಬಲ್ಲ ಕ್ರಮ ಮಾತ್ರ ನಮಗೆ ಸಲ್ಲುತ್ತದೆ. ಮೂವತ್ತು ದಿನಗಳ ಭರವಸೆಯನ್ನು ಮೂವತ್ತು ದಿನಗಳಲ್ಲಿ ಅಳೆಯುವುದು ಸುಲಭ. ಆದರೆ ದೇಹ ಇಟ್ಟುಕೊಳ್ಳುವ ಲೆಕ್ಕ ಅಷ್ಟು ಚಿಕ್ಕದಲ್ಲ.

ಸಮಸ್ಯೆಯ ಗಾತ್ರವನ್ನು ಒಮ್ಮೆ ನೋಡಿಕೊಳ್ಳಬೇಕು. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಮಹಿಳೆಯರಲ್ಲಿ ಶೇ 24, ಪುರುಷರಲ್ಲಿ ಸುಮಾರು ಶೇ 23 ಮಂದಿ ಅಧಿಕ ತೂಕದವರು. ಕರ್ನಾಟಕದಲ್ಲಿ ಇಬ್ಬರಲ್ಲೂ ಈ ಪ್ರಮಾಣ ಶೇ 30ರ ಆಸುಪಾಸಿನಲ್ಲಿದೆ. ಈ ಸಮೀಕ್ಷೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ದೇಹತೂಕ ಸೂಚ್ಯಂಕ (ಬಿಎಂಐ) 25 ದಾಟಿದವರನ್ನು ಮಾತ್ರ ಎಣಿಸುತ್ತದೆ. ಭಾರತೀಯರ ಮಟ್ಟಿಗೆ 23ರಿಂದಲೇ ಎಚ್ಚರ ವಹಿಸಬೇಕೆಂದು ಇಲ್ಲಿನ ವೈದ್ಯರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಅದಕ್ಕೆ ಕಾರಣವನ್ನು ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ 2004ರಲ್ಲಿ ಒಂದು ಚಿತ್ರದ ಮೂಲಕ ತೋರಿಸಿದರು. ಅದರಲ್ಲಿ ಅವರೂ ಅವರ ಬ್ರಿಟಿಷ್ ಸಹೋದ್ಯೋಗಿಯೂ ಪಕ್ಕಪಕ್ಕದಲ್ಲಿ ನಿಂತಿದ್ದಾರೆ. ಇಬ್ಬರ ಬಿಎಂಐ 22.3, ಆದರೆ ಬ್ರಿಟಿಷ್ ವೈದ್ಯರ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ದೇಹದಲ್ಲಿ ಶೇ 21.2. ನೋಡಲು ಸಪೂರ, ಒಳಗೆ ಕೊಬ್ಬು. ಆದುದರಿಂದ ನಮ್ಮಲ್ಲಿ ತಕ್ಕಡಿಗಿಂತ ದರ್ಜಿಯ ಟೇಪು ಹೆಚ್ಚು ನಿಜ ಹೇಳುತ್ತದೆ: ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ದಾಟಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟಿಸಿದ ಅಂಕಿಯಂತೆ ದೇಶದ ವಯಸ್ಕರಲ್ಲಿ ಶೇ 39.5 ಮಂದಿಗೆ ಹೊಟ್ಟೆಯ ಸುತ್ತಲಿನ ಬೊಜ್ಜಿದೆ.

ಕೊಡಗಿಗೆ ಈ ಸ್ಥಿತಿ ಹೇಗೆ ಬಂತು ಎಂಬುದಕ್ಕೆ ಊಟವನ್ನು ಮಾತ್ರ ದೂರುವುದು ಅನ್ಯಾಯ. ಕಕ್ಕಡ ಮಾಸವನ್ನೇ ನೆನಪಿಸಿಕೊಳ್ಳಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಬಿಡದೆ ಸುರಿಯುವ ಮಳೆಯಲ್ಲಿ, ಮೊಣಕಾಲುದ್ದದ ಕೆಸರಿನಲ್ಲಿ, ಇಡೀ ಮನೆ ನಾಟಿಗೆ ಇಳಿಯುತ್ತಿತ್ತು. ಆ ತಿಂಗಳ ಊಟವೂ ಅದಕ್ಕೆ ತಕ್ಕದ್ದು: ಪಂದಿ ಕರಿ, ನಾಟಿ ಕೋಳಿ, ಗದ್ದೆಯ ಏಡಿ, ಎಳೆ ಬಿದಿರಿನ ಕಣಿಲೆ, ಕೆಂಬಿನ (ಕೆಸುವಿನ) ಸೊಪ್ಪು, ಮಳೆಗೆ ಏಳುವ ಅಣಬೆ, ಕಕ್ಕಡ ಹದಿನೆಂಟರಂದು ಮದ್ದು ಸೊಪ್ಪಿನ ರಸದಲ್ಲಿ ಬೆಂದ ನೇರಳೆ ಬಣ್ಣದ ಪಾಯಸ, ಅದರ ಮೇಲೆ ತುಪ್ಪ ಮತ್ತು ಜೇನು. ದೇಹಕ್ಕೆ ಉಷ್ಣ ಬೇಕು ಎಂಬ ಹಿರಿಯರ ಮಾತು ಬರಿಯ ನಂಬಿಕೆಯಾಗಿರಲಿಲ್ಲ. ಚಳಿಯಲ್ಲಿ ನೆನೆಯುತ್ತ ಎಂಟು ಗಂಟೆ ಬಗ್ಗಿ ನಾಟಿ ಹಾಕುವ ದೇಹಕ್ಕೆ ಅಷ್ಟು ಶಕ್ತಿ ನಿಜವಾಗಿಯೂ ಖರ್ಚಾಗುತ್ತಿತ್ತು. ಈಗ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಕೆಲವು ತೋಟವಾಗಿವೆ, ಕೆಲವು ನಿವೇಶನವಾಗಿವೆ. ಕಳೆ ತೆಗೆಯಲು ಯಂತ್ರ ಬಂದಿದೆ. ತೋಟ ಸುತ್ತಲು ಜೀಪು, ಅಂಗಡಿಗೆ ಸ್ಕೂಟರು, ಮಕ್ಕಳಿಗೆ ಶಾಲೆಯ ಬಸ್ಸು. ಗುಡ್ಡ ಹತ್ತಿ ಇಳಿಯುವುದೇ ದಿನಚರಿಯಾಗಿದ್ದ ನಾಡಿನಲ್ಲಿ ಗುಡ್ಡ ಈಗ ಕಿಟಕಿಯಿಂದ ಕಾಣುವ ನೋಟವಾಗಿದೆ. ಕೆಲಸ ಹೋಯಿತು, ತಟ್ಟೆ ಹಾಗೆಯೇ ಉಳಿಯಿತು. ಜೊತೆಗೆ ಬೇಕರಿಯ ತಿಂಡಿ, ಕರಿದ ಚಿಪ್ಸು, ಸಂಜೆಯ ಪಫ್ಸು ಸೇರಿಕೊಂಡವು.

ಇದನ್ನು ಬರೆಯುವಾಗ ಇನ್ನೊಂದು ಮಾತನ್ನು ಮರೆಯಬಾರದು. ಇದೇ ಜಿಲ್ಲೆಯ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ, ಆದಿವಾಸಿಗಳ ಹಾಡಿಗಳಲ್ಲಿ ಇವತ್ತಿಗೂ ದಿನವಿಡೀ ದೇಹ ದಂಡಿಸಿ ದುಡಿಯುವವರಿದ್ದಾರೆ. ಅವರಲ್ಲಿ ಹಲವರ ಕಷ್ಟ ಪೌಷ್ಟಿಕ ಆಹಾರದ ಕೊರತೆ. ಕಡಿಮೆ ತಿನ್ನಿ ಎಂಬ ಉಪದೇಶ ಅವರಿಗೆ ಹೇಳುವಂಥದ್ದಲ್ಲ.

ಇನ್ನು ದೇಹದ ಲೆಕ್ಕಕ್ಕೆ ಬರೋಣ. ತೂಕ ಇಳಿದ ಮೇಲೆ ಅದು ಮರಳಿ ಏರುವುದನ್ನು ಮನೋಬಲದ ಕೊರತೆ ಎಂದು ನಮ್ಮ ಜನ ಸುಲಭವಾಗಿ ತೀರ್ಮಾನಿಸುತ್ತಾರೆ, ಅದರಲ್ಲೂ ದಪ್ಪಗಿರುವ ಹೆಣ್ಣುಮಕ್ಕಳ ಬಗ್ಗೆ. ಆ ಮಾತು ನೋಯಿಸುವಂಥದ್ದು ಮಾತ್ರವಲ್ಲ, ತಪ್ಪೂ ಹೌದು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನರಿಗೆ ಹತ್ತು ವಾರ ಅತಿ ಕಡಿಮೆ ಆಹಾರ ಕೊಟ್ಟು ತೂಕ ಇಳಿಸಿ, ಒಂದು ವರ್ಷದ ನಂತರ ರಕ್ತ ಪರೀಕ್ಷಿಸಿದಾಗ ಹಸಿವು ಹೆಚ್ಚಿಸುವ ಹಾರ್ಮೋನುಗಳು ಇನ್ನೂ ಏರಿದ ಮಟ್ಟದಲ್ಲೇ ಇದ್ದವು, ತೃಪ್ತಿಯ ಸೂಚನೆ ಕೊಡುವಂಥವು ತಗ್ಗಿದ್ದವು. ಈ ಅಧ್ಯಯನ ಪ್ರಕಟವಾದದ್ದು 2011ರಲ್ಲಿ. ದೇಹ ತನ್ನ ಹಳೆಯ ತೂಕವನ್ನು ನೆನಪಿಟ್ಟುಕೊಂಡು ವರ್ಷವಾದರೂ ಅದನ್ನೇ ಕೇಳುತ್ತಿರುತ್ತದೆ. 'ನಿಧಾನವೇ ಪ್ರಧಾನ' ಎಂದು ನಂಬಿದವರಿಗೂ ಅದೇ ನಗರದ ಇನ್ನೊಂದು ಅಧ್ಯಯನ ಪಾಠ ಹೇಳುತ್ತದೆ. 200 ಜನರಲ್ಲಿ ಅರ್ಧದಷ್ಟು ಮಂದಿಯನ್ನು 12 ವಾರಗಳಲ್ಲಿ ಬೇಗ ಇಳಿಸುವ ಕ್ರಮಕ್ಕೂ ಉಳಿದವರನ್ನು 36 ವಾರಗಳ ನಿಧಾನದ ಕ್ರಮಕ್ಕೂ ಹಾಕಿ, ಇಳಿದವರನ್ನು ಮುಂದೆ ಸುಮಾರು ಮೂರು ವರ್ಷ ಗಮನಿಸಿದಾಗ, ಎರಡೂ ಗುಂಪಿನವರು ಕಳೆದುಕೊಂಡ ತೂಕದ ಸುಮಾರು ಶೇ 71ನ್ನು ಮತ್ತೆ ಪಡೆದಿದ್ದರು. ಇದರ ಫಲಿತಾಂಶ 2014ರಲ್ಲಿ ಹೊರಬಂತು. ವೇಗ ತೂಕವನ್ನು ಕಾಯಲಿಲ್ಲ, ನಿಧಾನವೂ ಕಾಯಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ವಾರಕ್ಕೆ ಅರ್ಧ ಕಿಲೋ ಇಳಿಕೆಯನ್ನು ಸುರಕ್ಷಿತ ಎನ್ನುತ್ತದೆ, ದಿನಕ್ಕೆ 1,000 ಕ್ಯಾಲರಿಗಿಂತ ಕೆಳಗಿನ ಆಹಾರ ಕ್ರಮ ಬೇಡ ಎನ್ನುತ್ತದೆ; ಅದು ಸರಿಯಾದ ಸಲಹೆ, ಪಾಲಿಸಬೇಕಾದದ್ದು. ಆದರೆ ಇಳಿದ ತೂಕ ಉಳಿಯುವುದು ಇಳಿದ ಮೇಲಿನ ದಿನಗಳಲ್ಲಿ ಏನು ಉಣ್ಣುತ್ತೇವೆ, ಹೇಗೆ ಓಡಾಡುತ್ತೇವೆ ಎಂಬುದರಿಂದ. ಹಾಗಾಗಿ ಕ್ರಮವೊಂದನ್ನು ಶುರು ಮಾಡುವ ಮುನ್ನ ಅದರ ಏಳುನೂರನೇ ದಿನವನ್ನು ಕಲ್ಪಿಸಿಕೊಂಡು ನೋಡುವುದು ಒಳ್ಳೆಯದು. ಆ ದಿನವೂ ಮನೆಯವರ ಜೊತೆ ಕುಳಿತು ಇದನ್ನೇ ಉಣ್ಣಲು ಸಾಧ್ಯವೇ?

ಇಲ್ಲೇ ಒಂದು ಆಶಾದಾಯಕ ಲೆಕ್ಕವೂ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ರೂಪಿಸಿದ ಗಣಿತದ ಮಾದರಿಯಂತೆ, ದಿನದ ಆಹಾರದಲ್ಲಿ ಸುಮಾರು 24 ಕ್ಯಾಲರಿ ಶಾಶ್ವತವಾಗಿ ಕಡಿಮೆಯಾದರೆ ತೂಕ ಕೊನೆಗೆ ಸುಮಾರು 1 ಕಿಲೋ ಕೆಳಗೆ ಬಂದು ನಿಲ್ಲುತ್ತದೆ. ಆ ಇಳಿಕೆಯ ಅರ್ಧ ಭಾಗಕ್ಕೆ ಒಂದು ವರ್ಷ, ಬಹುಪಾಲಿಗೆ ಮೂರು ವರ್ಷ ಬೇಕು. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕಾಫಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 40 ಗ್ರಾಂ ಸಕ್ಕರೆ, 160 ಕ್ಯಾಲರಿ. ಅದನ್ನು ಲೋಟಕ್ಕೆ ಒಂದು ಚಮಚಕ್ಕೆ ಇಳಿಸಿದರೆ 80 ಕ್ಯಾಲರಿ ಉಳಿಯಿತು. ಕೊನೆಗೆ ಮೂರು ಕಿಲೋಗೂ ತುಸು ಹೆಚ್ಚು ಇಳಿಕೆ, ಅದರ ಅರ್ಧ ಮೊದಲ ವರ್ಷದಲ್ಲಿ. ಬೇರೆಡೆ ಹೆಚ್ಚು ತಿಂದು ಆ ಜಾಗವನ್ನು ತುಂಬದಿದ್ದರೆ ಮಾತ್ರ ಈ ಲೆಕ್ಕ ಎಂಬುದನ್ನು ಸೇರಿಸಲೇಬೇಕು. ಬೆಲ್ಲದ ಕಾಫಿ ಕುಡಿಯುವವರು ತಮಗೆ ಇದು ಅನ್ವಯಿಸದು ಎಂದುಕೊಳ್ಳುತ್ತಾರೆ. ಬೆಲ್ಲದ ರುಚಿ ಬೇರೆ, ಕ್ಯಾಲರಿ ಮಾತ್ರ ಹೆಚ್ಚುಕಡಿಮೆ ಸಕ್ಕರೆಯಷ್ಟೇ. ಬೆಲ್ಲ ಹಾಕದ ಕರಿ ಕಾಫಿಗೆ ಇವೆರಡರ ಗೊಡವೆಯೂ ಇಲ್ಲ. ಅದರ ಕಹಿಗೆ ನಾಲಗೆ ಒಗ್ಗಲು ಕೆಲವು ವಾರ ಹಿಡಿಯುತ್ತದೆ.

ಅಕ್ಕಿಯ ವಿಷಯ ಇದಕ್ಕಿಂತ ದೊಡ್ಡದು. ಬೆಳಗ್ಗೆ ಅಕ್ಕಿ ರೊಟ್ಟಿ ಅಥವಾ ನೂಪುಟ್ಟು (ಅಕ್ಕಿ ಶಾವಿಗೆ), ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಅಥವಾ ಕಡಂಬುಟ್ಟು (ಅಕ್ಕಿ ತರಿಯ ಉಂಡೆ). ಹಬೆಯಲ್ಲಿ ಬೆಂದದ್ದು, ಎಣ್ಣೆಯಿಲ್ಲದ್ದು ಎಂಬ ಕಾರಣಕ್ಕೆ ಕಡಂಬುಟ್ಟು ಹಗುರ ಎಂದು ಭಾವಿಸುವವರು ಒಮ್ಮೆ ತಮ್ಮ ಪಾಲಿನ ಅಕ್ಕಿ ತರಿಯನ್ನು ಬೇಯಿಸುವ ಮುನ್ನ ತೂಗಿ ನೋಡಬೇಕು. ಒಣ ಅಕ್ಕಿ 100 ಗ್ರಾಂಗೆ ಸುಮಾರು 350 ಕ್ಯಾಲರಿ ಕೊಡುತ್ತದೆ. ಭಾರತೀಯರ ಆಹಾರದ ಶಕ್ತಿಯಲ್ಲಿ ಸುಮಾರು ಶೇ 62 ಭಾಗ ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತಿದೆ ಎಂದು 2025ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನ ಹೇಳಿತು. ಧಾನ್ಯಗಳಿಂದ ಬರುವ ಪಾಲು ಶೇ 45ರೊಳಗೆ ಇರಲಿ ಎಂಬುದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ. ಹಾಗೆಂದು ಅನ್ನವನ್ನೇ ಬಿಡುವ ಕೀಟೋ ಪದ್ಧತಿಗೆ ಹಾರಬೇಕಾಗಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಒಂದು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ, ಪಿಷ್ಟ ಕಡಿಮೆ ಮಾಡಿದವರು 6 ಕಿಲೋ ಇಳಿದರು. ಅದು ವ್ಯತ್ಯಾಸವೇ ಅಲ್ಲ. ಆದರೆ ಒಂದೇ ಗುಂಪಿನೊಳಗೆ ಕೆಲವರು 20 ಕಿಲೋಗೂ ಹೆಚ್ಚು ಇಳಿದಿದ್ದರು, ಇನ್ನು ಕೆಲವರ ತೂಕ ಏರಿತ್ತು. ಪದ್ಧತಿಯ ಹೆಸರಿಗಿಂತ ಆ ಪದ್ಧತಿ ಆ ಮನುಷ್ಯನ ಬದುಕಿಗೆ ಹೊಂದಿತೇ ಎಂಬುದು ಮುಖ್ಯವೆಂದು ನಾನು ಇದರಿಂದ ತಿಳಿಯುತ್ತೇನೆ.

ಕೊಡಗಿನ ಅಡುಗೆಯಲ್ಲಿ ಇದಕ್ಕೆ ಬೇಕಾದದ್ದೆಲ್ಲ ಆಗಲೇ ಇದೆ. ನಾಲ್ಕು ಕಡಂಬುಟ್ಟಿನ ಜಾಗದಲ್ಲಿ ಎರಡು, ಉಳಿದ ಜಾಗಕ್ಕೆ ಕಣಿಲೆ ಪಲ್ಯ, ಅಣಬೆ, ಕೆಂಬಿನ ಕರಿ, ಬೀನ್ಸ್, ಸೌತೆಕಾಯಿ. ಹುರುಳಿ, ಅಲಸಂದೆ, ಮೊಟ್ಟೆ, ಮೀನು, ಚರ್ಮ ತೆಗೆದ ಕೋಳಿ ಹೊಟ್ಟೆ ತುಂಬಿಸಿ ಹಸಿವನ್ನು ದೂರವಿಡುತ್ತವೆ, ತೂಕ ಇಳಿಯುವಾಗ ಸ್ನಾಯು ಕರಗದಂತೆ ಕಾಯುತ್ತವೆ. ಪಂದಿ ಕರಿಯನ್ನು ಬಿಡಬೇಕೆಂದು ಹೇಳುವ ಕ್ರಮ ಇಲ್ಲಿ ಒಂದು ಕೈಲ್ ಪೊಳ್ದ್ ದಾಟುವುದಿಲ್ಲ. ನೆಣದ ಭಾಗ ಕಡಿಮೆ ಮಾಡಿ, ದಿನ ಬಿಟ್ಟು ದಿನ ತಿನ್ನುತ್ತಿದ್ದುದನ್ನು ಹಬ್ಬಕ್ಕೂ ಭಾನುವಾರಕ್ಕೂ ಇರಿಸಿಕೊಂಡರೆ ಅದು ವರ್ಷಗಟ್ಟಲೆ ನಡೆದೀತು. ಮನೆಯಲ್ಲಿ ಒಬ್ಬರಿಗಾಗಿ ಬೇರೆ ಅಡುಗೆ ಎಂಬ ಏರ್ಪಾಡು ಬಹಳ ದಿನ ಬಾಳದು. ಆ ಎರಡನೆಯ ಅಡುಗೆಯ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಹಬ್ಬ ಮತ್ತು ಮದುವೆಗಳನ್ನು ಶತ್ರುಗಳೆಂದು ಕಾಣುವುದು ನನಗೆ ಒಪ್ಪಿಗೆಯಿಲ್ಲ. ಮನೆಗೆ ಬಂದವರಿಗೆ ಒತ್ತಾಯ ಮಾಡಿ ಬಡಿಸುವುದು ನಮ್ಮಲ್ಲಿ ಪ್ರೀತಿಯ ಭಾಷೆ. 'ಇನ್ನೊಂದು ಹಾಕಿಸಿಕೊಳ್ಳಿ' ಎಂಬ ಮಾತಿಗೆ ಖಡಾಖಂಡಿತ ಬೇಡವೆನ್ನುವುದು ಕಷ್ಟ. ಮೊದಲ ಬಾರಿಗೆ ಸ್ವಲ್ಪವೇ ಹಾಕಿಸಿಕೊಂಡು, ಎರಡನೆಯ ಸಲ ಕೇಳಿದಾಗ ಬಡಿಸಿಕೊಂಡರೆ ಇಬ್ಬರಿಗೂ ಬೇಸರವಿಲ್ಲ. ವರ್ಷದಲ್ಲಿ ಇಂಥ ದಿನಗಳು ಎಷ್ಟೇ ಇದ್ದರೂ ಉಳಿದ ಮುನ್ನೂರು ದಿನಗಳೇ ತೂಕವನ್ನು ನಿರ್ಧರಿಸುತ್ತವೆ. ಮದ್ಯದ ಮಾತು ಬೇರೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಒಂದು ಗ್ರಾಂ ಆಲ್ಕೋಹಾಲ್ 7 ಕ್ಯಾಲರಿ. 60 ಮಿಲಿಲೀಟರಿನ ಒಂದು ಪೆಗ್ ಎಂದರೆ ಸುಮಾರು 140. ಎರಡು ಪೆಗ್ಗಿನ ಜೊತೆ ಬರುವ ಹುರಿದ ಮಾಂಸ, ತಡರಾತ್ರಿಯ ಊಟ ಲೆಕ್ಕಕ್ಕೇ ಸಿಗುವುದಿಲ್ಲ. ಪ್ರತಿ ಸಂಜೆಯ ಅಭ್ಯಾಸವಿದ್ದವರು ಅನ್ನವನ್ನು ಅಳೆಯುವ ಮೊದಲು ಇದನ್ನು ಅಳೆಯಬೇಕು.

ನಡಿಗೆಯ ಸಲಹೆ ಬೇರೆ ಊರಿನಲ್ಲಿ ಸರಳ, ಇಲ್ಲಿ ಹಾಗಲ್ಲ. ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ ಕಡೆಯ ತೋಟದ ಹಾದಿಗಳಲ್ಲಿ ನಸುಕಿನ ನಡಿಗೆ ಎಂದರೆ ಕಾಡಾನೆಯ ಭಯ. ಮಳೆಗಾಲದಲ್ಲಿ ಜಿಗಣೆ, ಜಾರುವ ದಾರಿ, ಸಂಜೆ ನಾಲ್ಕಕ್ಕೇ ಕವಿಯುವ ಮಂಜು. ಆದ್ದರಿಂದ ಎರಡು ಕಾಲಕ್ಕೆ ಎರಡು ಯೋಜನೆ ಬೇಕು: ಒಣ ತಿಂಗಳುಗಳಲ್ಲಿ ಬಿಸಿಲೇರಿದ ಮೇಲೆ ಪೇಟೆಯ ರಸ್ತೆ ಅಥವಾ ಶಾಲೆಯ ಮೈದಾನದಲ್ಲಿ ನಡಿಗೆ, ಮಳೆಯಲ್ಲಿ ಮನೆಯ ಜಗಲಿಯಲ್ಲೋ ಕಾಫಿ ಗೋದಾಮಿನಲ್ಲೋ ಬಸ್ಕಿ, ಮೆಟ್ಟಿಲು ಹತ್ತಿಳಿಯುವುದು, ನೀರು ತುಂಬಿದ ಕ್ಯಾನು ಎತ್ತುವುದು. ವಾರಕ್ಕೆ ಕನಿಷ್ಠ 150 ನಿಮಿಷಗಳ ಚಟುವಟಿಕೆ ಮತ್ತು ಎರಡು ದಿನ ಸ್ನಾಯುಗಳಿಗೆ ಕೆಲಸ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿ ಉತ್ಸವ ಪ್ರತಿ ಬೇಸಿಗೆಯಲ್ಲಿ ಅಜ್ಜನನ್ನೂ ಮೊಮ್ಮಗಳನ್ನೂ ಒಂದೇ ತಂಡದಲ್ಲಿ ಆಡಿಸುವ ನಾಡಿದು. ಆ ಕೋಲು ಉಳಿದ ಹತ್ತು ತಿಂಗಳು ಅಟ್ಟದಲ್ಲಿ ಕೂರಬೇಕಾಗಿಲ್ಲ. ನಡಿಗೆಯೊಂದರಿಂದಲೇ ತೂಕ ಹೆಚ್ಚು ಇಳಿಯದು ಎಂಬುದು ನಿಜ. ಆದರೂ ಅದು ವ್ಯರ್ಥವಲ್ಲ ಎಂಬುದಕ್ಕೆ ಚೆನ್ನೈನ ವೈದ್ಯ ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ: ಮಧುಮೇಹದ ಹೊಸ್ತಿಲಲ್ಲಿದ್ದವರಲ್ಲಿ ಊಟ ಮತ್ತು ನಡಿಗೆಯ ಸುಧಾರಣೆ ಮೂರು ವರ್ಷಗಳಲ್ಲಿ ಕಾಯಿಲೆಯ ಅಪಾಯವನ್ನು ಶೇ 28.5ರಷ್ಟು ತಗ್ಗಿಸಿತು, ಅವರ ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ.

ಇಂಜೆಕ್ಷನ್ನುಗಳ ವಿಚಾರದಲ್ಲಿ ಕುರುಡು ಭಯವೂ ಬೇಡ, ಕುರುಡು ಮೋಹವೂ ಬೇಡ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತದ ಮಾರುಕಟ್ಟೆಗೆ ಬಂದವು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ತೂಕ ಇಳಿಸಿತೆಂದು 2021ರಲ್ಲಿ 1,961 ಜನರ ಅಧ್ಯಯನ ತೋರಿಸಿತು. ಇದುವರೆಗೆ ಯಾವ ಪುಡಿಯೂ ಮಾಡದ ಸಾಧನೆ ಅದು. ಔಷಧ ನಿಲ್ಲಿಸಿದವರನ್ನು ಮುಂದೆ ಒಂದು ವರ್ಷ ಗಮನಿಸಿದಾಗ ಇಳಿದದ್ದರಲ್ಲಿ ಮೂರನೇ ಎರಡು ಭಾಗ ಮರಳಿ ಬಂದಿತ್ತು. ರಕ್ತದೊತ್ತಡದ ಮಾತ್ರೆಯಂತೆ ದೀರ್ಘಕಾಲ ಪಡೆಯಬೇಕಾದ ಚಿಕಿತ್ಸೆ ಇದು; ಬಿಎಂಐ 30 ದಾಟಿದವರಿಗೆ, ಅಥವಾ 27 ದಾಟಿ ಮಧುಮೇಹ, ರಕ್ತದೊತ್ತಡದಂಥ ತೊಂದರೆ ಇರುವವರಿಗೆ ವೈದ್ಯರು ಯೋಚಿಸಿ ಕೊಡುವಂಥದ್ದು. ಅಂಥವರು ತೆಗೆದುಕೊಂಡರೆ ಅದು ಅಡ್ಡದಾರಿಯೂ ಅಲ್ಲ, ಸೋಲೂ ಅಲ್ಲ. ಮಗಳ ಮದುವೆಯ ಫೋಟೊಗಾಗಿ ಮೂರು ತಿಂಗಳು ಚುಚ್ಚಿಸಿಕೊಳ್ಳುವುದು ಮಾತ್ರ ಹಣವನ್ನೂ ಸ್ನಾಯುವನ್ನೂ ಕಳೆದುಕೊಳ್ಳುವ ದಾರಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಧುಮೇಹದ ಮಾತ್ರೆ ತೆಗೆದುಕೊಳ್ಳುತ್ತಿರುವವರು ಊಟ ಕಡಿಮೆ ಮಾಡುವ ಮುನ್ನ ವೈದ್ಯರ ಬಳಿ ಪ್ರಮಾಣ ಬದಲಿಸಿಕೊಳ್ಳಲೇಬೇಕು, ಇಲ್ಲವಾದರೆ ರಕ್ತದ ಸಕ್ಕರೆ ದಿಢೀರನೆ ಕುಸಿಯಬಹುದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು ತಾವಾಗಿಯೇ ಇಂಥ ಕ್ರಮಕ್ಕೆ ಇಳಿಯಬಾರದು. ಏನೂ ಪ್ರಯತ್ನಿಸದೆ ತೂಕ ಇಳಿಯುತ್ತಿದ್ದರೆ ಅದು ಸಂತೋಷದ ಸುದ್ದಿಯಲ್ಲ, ಪರೀಕ್ಷೆ ಮಾಡಿಸಬೇಕಾದ ಲಕ್ಷಣ.

ಎಲ್ಲಿಂದ ಆರಂಭಿಸುವುದು ಎಂದು ಕೇಳುವವರಿಗೆ ನನ್ನ ಸಲಹೆ ಇಷ್ಟೇ. ಹೊಸ ಅಕ್ಕಿ ಮನೆ ತುಂಬುವ ಪುತ್ತರಿಯ ವಾರದಲ್ಲಿ ಸೊಂಟದ ಸುತ್ತಳತೆಯನ್ನೂ ತೂಕವನ್ನೂ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡಿ, ಒಂದೋ ಎರಡೋ ಬದಲಾವಣೆಯನ್ನು ಮಾತ್ರ ಆರಿಸಿಕೊಳ್ಳಿ, ಮಳೆಗಾಲ ಮುಗಿಯುವವರೆಗೂ ಅವು ಉಳಿದವೇ ಎಂದು ಗಮನಿಸಿ, ಮುಂದಿನ ಪುತ್ತರಿಗೆ ಮತ್ತೆ ಅಳೆಯಿರಿ. ದೇಹದ ತೂಕದಲ್ಲಿ ಶೇ 5 ಇಳಿದರೂ ರಕ್ತದ ಸಕ್ಕರೆ ಮತ್ತು ರಕ್ತದೊತ್ತಡದಲ್ಲಿ ಸುಧಾರಣೆ ಕಾಣತೊಡಗುತ್ತದೆ. 80 ಕಿಲೋ ಇರುವವರಿಗೆ ಅದು 4 ಕಿಲೋ.